ಉಪ್ಪಿನ ಗಂಟಿನ ಓಬಕ್ಕ

ಕರಾವಳಿಯ ಆ ನೆರೆರಾಜ್ಯದಲ್ಲಿ, ತಗ್ಗು ನೆಲದ ಮೇಲೆ ತಗಡಿನ ಶೆಡ್ಡು ಕಟ್ಟಿಸಿದ ಗುತ್ತಿಗೆದಾರನಿಗೆ ಏನೂ ಆಗಲಿಲ್ಲ. ಅದರ ತೇವವನ್ನು ಕೂಡ್ಲಿಗಿ ತಾಲ್ಲೂಕಿನ ಓಬಕ್ಕ ತನ್ನ ಎದೆಯಲ್ಲಿ ಹೊತ್ತಳು. ಅವಳೊಂದಿಗೆ ಹೋದ ಮನೆಗಳ ಮಕ್ಕಳು ಕೆಮ್ಮಿನಲ್ಲಿ ಹೊತ್ತರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓಬಕ್ಕ ಎಂದೊಡನೆ ನನಗೆ ನೆನಪಾಗುವುದು ಅವಳ ನಗು. ಆ ನಗುವಿನ ಮರೆಯಲ್ಲಿ ಈ ಅನ್ಯಾಯ ಅಡಗಿಹೋಗಬಾರದು.

ಓಬಕ್ಕ ಎತ್ತರದ, ಒಣಕಲು ಮೈಯ ಹೆಂಗಸು. ಸೆರಗನ್ನು ಸೊಂಟಕ್ಕೆ ಬಿಗಿದು, ಎಲೆಯಡಿಕೆಯ ಸಂಚಿಯನ್ನು ಅಲ್ಲೇ ಸಿಕ್ಕಿಸಿಕೊಂಡು ಅವಳು ನಡೆದು ಬರುತ್ತಿದ್ದರೆ ಯಾವುದೋ ಪಂಚಾಯ್ತಿ ಮುಗಿಸಲು ಹೊರಟವಳಂತೆ ಕಾಣುತ್ತಿದ್ದಳು. ಅವಳ ಕೇರಿಯ ಕುಟುಂಬಗಳು ದುಡಿಮೆಗಾಗಿ ಬೇರೆ ರಾಜ್ಯಗಳಿಗೆ ಹೋಗುವವು. ಹೋಗುವ ಮೊದಲು ಓಬಕ್ಕ ಆ ಜಾಗವನ್ನು ನೋಡಿ ಬರಬೇಕು. ಅವಳು ಹೂಂ ಎನ್ನುವವರೆಗೆ ಯಾರೂ ಗಂಟುಮೂಟೆ ಕಟ್ಟುತ್ತಿರಲಿಲ್ಲ. ಈ ಅಧಿಕಾರವನ್ನು ಅವಳಿಗೆ ಯಾರು ಕೊಟ್ಟರೋ ಗೊತ್ತಿಲ್ಲ. ಹೆಣ್ಣು ನೋಡಲು ಹೋಗುವ ಬೀಗರ ಗತ್ತಿನಲ್ಲಿ ಅವಳು ‘ಊರು ನೋಡಾಕ’ ಹೊರಡುತ್ತಿದ್ದಳು.

ಅವಳಿಗೊಂದು ನಿಯಮವಿತ್ತು. “ಮನುಷ್ಯಾನ್ನ ಸಿಟ್ಟಿನ್ಯಾಗ ನೋಡಬೇಕು ತಂಗಿ, ಊರನ್ನ ಬಿಸಲಾಗ ನೋಡಬೇಕು. ತಂಪೊತ್ತಿನ್ಯಾಗ ಎಲ್ಲಾರೂ ಒಳ್ಳ್ಯಾರ” ಎನ್ನುತ್ತಿದ್ದಳು.

ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಸಂಘಟನೆ ಕರೆದಿದ್ದ ವಲಸೆ ಕಾರ್ಮಿಕರ ಸಭೆಯಲ್ಲಿ ಅವಳನ್ನು ಮೊದಲು ಕಂಡೆ. ತೆಲಂಗಾಣದ ಇಟ್ಟಿಗೆ ಭಟ್ಟಿಯೊಂದನ್ನು ನೋಡಲು ಹೋಗಿದ್ದ ಕಥೆಯನ್ನು ಅಂದು ಅವಳು ಅಭಿನಯಿಸಿ ತೋರಿಸಿದಳು. ಆಳುಗಳನ್ನು ಕರೆದೊಯ್ಯುವ ಮೇಸ್ತ್ರಿ ರಾಮಾಂಜಿ, ಹರಪನಹಳ್ಳಿ ಕಡೆಯವನು, ಎಳೆಬಿಸಿಲಿನಲ್ಲೇ ಅವಳಿಗೆ ಶೆಡ್ಡು ತೋರಿಸಿ ಮುಗಿಸಿದ್ದ. ಅವಳು ಮಾತ್ರ ಆ ತಗಡಿನ ಕೆಳಗೆ ಗೋಣಿತಾಟು ಹಾಸಿ ಕುಳಿತುಬಿಟ್ಟಳಂತೆ.

“ನೋಡಿದ್ದಾತಲ್ಲ ಯಕ್ಕಾ, ಏಳು. ಬಸ್ಸು ಹೋಗ್ತತಿ.”

“ಹೋಗ್ಲಿ ಬಿಡಲೇ ರಾಮಾಂಜಿ. ಬಸ್ಸು ನಾಳೀನೂ ಬರತೈತಿ. ಮಧ್ಯಾನ ಆಗ್ಲಿ, ಈ ತಗಡು ಏನ್ ಮಾತಾಡತೈತಿ ಕೇಳೂಣು.”

ನಡುಮಧ್ಯಾಹ್ನ ಭಟ್ಟಿಯ ಮಾಲೀಕ ತನ್ನ ಫ್ಯಾನಿನ ಕೋಣೆಯಿಂದ ಬಂದು, ಇವಳೇಕೆ ಇನ್ನೂ ಇಲ್ಲೇ ಕುಳಿತಿದ್ದಾಳೆಂದು ವಿಚಾರಿಸಿದ. “ಬರ್ರಿ ಸಾವ್ಕಾರ್ರ, ಕುಂದರ್ರಿ, ಒಂದು ಎಲಿ ಹಾಕ್ಕೊಳ್ರಿ” ಎಂದು ಓಬಕ್ಕ ತಾಟಿನ ಅಂಚನ್ನು ಕೊಡವಿದಳು. ಬೇಡವೆನ್ನಲಾಗದೆ ಆತ ಕುಳಿತ. ಅವಳು ಬೇಕೆಂದೇ ನಿಧಾನವಾಗಿ ಎಲೆಯ ತೊಟ್ಟು ಮುರಿದಳು, ನಾರು ತೆಗೆದಳು, ಸುಣ್ಣ ಸವರಿದಳು. ಅಡಿಕೆ ಕತ್ತರಿಸುವಷ್ಟರಲ್ಲಿ ಮಾಲೀಕ ಕತ್ತು ಒರೆಸಿಕೊಳ್ಳುತ್ತ ಎದ್ದೇಬಿಟ್ಟ.

“ಎಲಿ ಮಡಚೋಮಟಾನೂ ಕುಂದ್ರಾಕ ಆಗಲಿಲ್ರೀ ಅವಗ,” ಎಂದು ಓಬಕ್ಕ ಸಭೆಯತ್ತ ತಿರುಗಿದಳು. “ನಾವು ಅದರಾಗ ಸಂಸಾರ ಮಾಡಬೇಕಂತ!”

ಸಭೆ ನಕ್ಕಿತು. ಆ ಭಟ್ಟಿಗೆ ಅವಳ ಕೇರಿಯಿಂದ ಯಾರೂ ಹೋಗಲಿಲ್ಲ.

ಮುಂದೆ ಅದೇ ರಾಮಾಂಜಿ ಕರಾವಳಿಯ ಕೆಲಸ ತಂದ. ಈ ಸಲ ಸುಗ್ಗಿ ಮುಗಿಸಿ ಹೋಗಿ, ಮುಂಗಾರಿಗೆ ಮರಳುವ ಮಾತಲ್ಲ. ದೊಡ್ಡ ಕಟ್ಟಡಗಳ ಕೆಲಸ, ವರ್ಷಗಟ್ಟಲೆ ನಡೆಯುವಂಥದ್ದು. ಹೆಂಡತಿ ಮಕ್ಕಳೊಂದಿಗೆ ಬಂದು ಅಲ್ಲೇ ನೆಲೆಸಬಹುದು ಎಂದ. ಊರು ಬಿಟ್ಟು ಇನ್ನೊಂದು ರಾಜ್ಯದವರಾಗುವುದೆಂದರೆ ಸಣ್ಣ ಮಾತಲ್ಲ. ಓಬಕ್ಕ ನನ್ನನ್ನೂ ಜೊತೆಗೆ ಕರೆದಳು. ಬೇಸಿಗೆಯ ನಡುವಿನಲ್ಲಿ ಮೂವರೂ ಹೋದೆವು.

ಅವಳು ಆ ಊರನ್ನು ಅಳೆದ ಬಗೆಯನ್ನು ಮರೆಯಲಾರೆ. ಶಾಲೆಯ ಮುಂದೆ ನಿಂತು, ಮಕ್ಕಳು ಒಬ್ಬರನ್ನೊಬ್ಬರು ಯಾವ ಭಾಷೆಯಲ್ಲಿ ಬೈದುಕೊಳ್ಳುತ್ತಾರೆಂದು ಕೇಳಿಸಿಕೊಂಡಳು. ಆಸ್ಪತ್ರೆಗೆ ನಡೆದೇ ಹೋಗಿ, ಬಸುರಿಯೊಬ್ಬಳು ಈ ಏರನ್ನು ಹತ್ತಬಲ್ಲಳೇ ಎಂದು ಲೆಕ್ಕ ಹಾಕಿದಳು. ಅಂಗಡಿಯಲ್ಲಿ ಜೋಳದ ಹಿಟ್ಟು ಕೇಳಿದಾಗ ಅಂಗಡಿಯವನು ಅಕ್ಕಿ, ಗೋಧಿ ಎರಡನ್ನೂ ತೋರಿಸಿ, ಜೋಳವಿಲ್ಲವೆಂದು ಕೈಯಲ್ಲಾಡಿಸಿದ. “ಪಾಪ, ರೊಟ್ಟಿ ಇಲ್ಲದ ರಾಜ್ಯ!” ಎಂದು ಮರುಗಿದಳು. “ಇರ್ಲಿ, ಹಿಟ್ಟು ನಾವ ತರೂಣು.”

ಕೊನೆಗೆ ರಾಮಾಂಜಿ ಎರಡು ಶೆಡ್ಡು ತೋರಿಸಿದ. ಒಂದು ಕೆಂಪುಕಲ್ಲಿನ ದಿಬ್ಬದ ಮೇಲೆ, ಒಂದೂ ಮರದ ನೆರಳಿಲ್ಲದ ಬಯಲಲ್ಲಿ. ಇನ್ನೊಂದು ಕೆಳಗೆ, ಗೇರುಮರಗಳ ನಡುವಿನ ತಗ್ಗಿನಲ್ಲಿ. ಪಕ್ಕದಲ್ಲೇ ಸಣ್ಣ ತೊರೆ. ಮಧ್ಯಾಹ್ನದ ಹೊತ್ತು. ಮೇಲಿನದು ರೊಟ್ಟಿಯ ಹಂಚಿನಂತೆ ಕಾದಿತ್ತು. ಕೆಳಗಿನದರಲ್ಲಿ ಗಾಳಿ ತಣ್ಣಗಿತ್ತು, ನೀರು ಕಾಲಬುಡದಲ್ಲೇ ಹರಿಯುತ್ತಿತ್ತು.

“ಇದು ತಂಪೈತಿ ನೋಡು ಯಕ್ಕಾ, ನಿಮಗಂತಾನ ಇಟ್ಟಾರೆ” ಎಂದ ರಾಮಾಂಜಿ.

ಓಬಕ್ಕ ತೊರೆಯಲ್ಲಿ ಕಾಲು ಇಳಿಬಿಟ್ಟು ಕುಳಿತಳು. “ಬಾಗಲಾಗ ನೀರು! ಕೊಡ ಹೊತ್ತು ನೆತ್ತಿ ಸವದೈತಿ ತಂಗಿ ನಮಗ” ಎಂದು ಮುಖ ತೊಳೆದುಕೊಂಡಳು. ನಮ್ಮ ಸೀಮೆಯಲ್ಲಿ ಹುಟ್ಟಿದವರು ಇನ್ನೇನನ್ನು ಆರಿಸಿಯಾರು? ನೆರಳೂ ನೀರೂ ಒಂದೇ ಕಡೆ ಸಿಕ್ಕಮೇಲೆ ಮತ್ತೆ ತೂಗಿ ನೋಡುವುದು ನಮಗೆ ತಿಳಿಯದು. ತಗ್ಗಿನ ಶೆಡ್ಡಿಗೆ ಅವಳು ಹೂಂ ಎಂದಳು. ಹಲವು ವರ್ಷ ಅಲ್ಲೇ ಮಳೆಗಾಲ ಕಂಡಿದ್ದ ರಾಮಾಂಜಿ ಬಾಯಿ ಬಿಡಲಿಲ್ಲ.

ಮಳೆಗಾಲ ಹಿಡಿದ ಮೇಲೆ ಅವಳ ಫೋನು ಬಂತು. ಆಗಲೂ ನಗುತ್ತಲೇ ಇದ್ದಳು. “ನಮ್ಮೂರಾಗ ಮಳಿ ಬೀಗರಂಗ ಬರತೈತಿ, ಉಂಡು ಹೋಗತೈತಿ. ಇಲ್ಲಿ ಮನೆಯಳಿಯ ಆಗಿ ಕುಂತೈತಿ ತಂಗಿ, ಏಳವಲ್ದು.” ಆ ನಗುವಿನ ನಡುವೆ ಕೆಮ್ಮು ಕೇಳಿಸಿತು. ನಾನು ಹೊರಟೆ.

ತೊರೆ ಹಳ್ಳವಾಗಿತ್ತು. ಶೆಡ್ಡಿನ ಮಣ್ಣಿನ ನೆಲ ಕಾಲಿಟ್ಟಲ್ಲೆಲ್ಲ ಒಸರುತ್ತಿತ್ತು. ಊರಿನಿಂದ ಒಯ್ದ ಜೋಳದ ಹಿಟ್ಟಿಗೆ ಬೂಸ್ಟು ಹಿಡಿದಿತ್ತು; ಹೊದೆಯುವ ಕೌದಿಗಳು ಹಿಂಡಿದರೆ ನೀರು ಸುರಿಯುವಂತಿದ್ದವು. ಒಳಗಿದ್ದ ಒಂದೇ ಒಂದು ಕಲ್ಲುಕಟ್ಟೆಯನ್ನು ಓಬಕ್ಕ ಬಾಣಂತಿಯೊಬ್ಬಳಿಗೆ ಬಿಟ್ಟುಕೊಟ್ಟು ತಾನು ನೆಲದ ಮೇಲೆ ಮಲಗುತ್ತಿದ್ದಳು. ಕಲ್ಲುಪ್ಪಿನ ಡಬ್ಬಿ ತೆಗೆದು ನನ್ನ ಮುಂದೆ ಹಿಡಿದಳು. ಅದರಲ್ಲಿ ಅರ್ಧ ನೀರಿತ್ತು. “ನೋಡು, ಉಪ್ಪು ಅಳಾಕ ಹತ್ತೈತಿ.”

ನಾವು ದಿಬ್ಬ ಹತ್ತಿದೆವು. ಮೇಲಿನ ಶೆಡ್ಡು ಖಾಲಿಯಿರಲಿಲ್ಲ. ಅದರಲ್ಲಿ ಸಿಮೆಂಟಿನ ಚೀಲಗಳಿದ್ದವು. ಕಲ್ಲಿನ ಮೇಲೆ ಹಲಗೆ, ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಚೀಲಗಳು. ಗೋಡೆಗೆ ತಾಗದಂತೆ ಒಂದು ಮೊಳ ಜಾಗ. ಒಂದು ಹನಿಯೂ ಒಳಬಂದಿರಲಿಲ್ಲ. ತೇವ ಏನು ಮಾಡುತ್ತದೆಂದು ಗುತ್ತಿಗೆದಾರನಿಗೆ ಗೊತ್ತಿರಲಿಲ್ಲ ಎಂದು ಇನ್ನು ಯಾರೂ ಹೇಳುವಂತಿಲ್ಲ. ಗೊತ್ತಿತ್ತು. ಸಿಮೆಂಟಿಗಾಗಿ ಗೊತ್ತಿತ್ತು. ರಾಜ್ಯ ದಾಟಿ ಬಂದ ಕಾರ್ಮಿಕರಿಗೆ ತಕ್ಕ ವಸತಿ ಕೊಡಬೇಕೆಂದು ಕಾನೂನೂ ಹೇಳುತ್ತದೆ. ಅದನ್ನು ಪರಿಶೀಲಿಸಬೇಕಾದ ಯಾವ ಅಧಿಕಾರಿಯೂ ಆ ತಗ್ಗಿಗೆ ಇಳಿದಿರಲಿಲ್ಲ.

ಓಬಕ್ಕ ಆ ಹಲಗೆಯನ್ನು ಅಂಗೈಯಿಂದ ಸವರಿ ನೋಡಿದಳು. ಆಮೇಲೆ ಕೆಳಗಿಳಿದು ಬಾಣಂತಿಯನ್ನೂ ಕೂಸನ್ನೂ ಕರೆತಂದು ಹಲಗೆಯ ಮೇಲೆ ಕೂರಿಸಿದಳು. ಹಿಂದೆಯೇ ಉಳಿದ ಹೆಂಗಸರೂ ಬಂದರು. ರಾಮಾಂಜಿ ಕೊಡೆ ಹಿಡಿದು ಓಡಿ ಬಂದ.

“ಯಕ್ಕಾ, ಇಳೀರಿ! ಹಸಿ ಬಟ್ಟ್ಯಾಗ ಬಂದೀರಿ, ಸಿಮೆಂಟು ಗಟ್ಟ್ಯಾಗಿ ಹೋಗ್ತತಿ!”

“ನಮ್ಮ ಸೀರಿ ನೀರು ನಿನ್ನ ಸಿಮೆಂಟಿಗೆ ಬಡಿತೈತಿ ಅಂತೀಯಲ್ಲೊ,” ಎಂದಳು ಓಬಕ್ಕ, ಉಸಿರಿಗಾಗಿ ತಡೆದು, “ನಿನ್ನ ನೆಲದ ನೀರು ಈ ಕೂಸಿನ ಎದಿಗೆ ಬಡಿಯಂಗಿಲ್ಲೇನು? ಬ್ಯಾಸಗ್ಯಾಗ ತಂಪು ತೋರ್ಸಿದ್ಯಲ್ಲ, ಈ ಮಾತು ಅವಾಗ ಯಾಕ ನುಂಗಿದಿ?”

ಅವನು ಕೊಡೆ ಮಡಚಿ, ಗುತ್ತಿಗೆದಾರನ ಆಳುಗಳನ್ನು ಕರೆದ. ಚೀಲಗಳನ್ನು ಒಂದು ಬದಿಗೆ ಸರಿಸಿ ಅರ್ಧ ಶೆಡ್ಡನ್ನು ಬಿಟ್ಟುಕೊಟ್ಟರು. ಅಷ್ಟು ಹೊತ್ತಿಗೆ ತಡವಾಗಿತ್ತು. ಮಳೆ ನಿಂತಮೇಲೆ ಎಲ್ಲ ಕುಟುಂಬಗಳೂ ಕೂಡ್ಲಿಗಿಗೆ ಮರಳಿದವು. ಓಬಕ್ಕನ ಎದೆಯ ಸುಯ್ ಸುಯ್ ಸದ್ದು ಮಾತ್ರ ನಮ್ಮ ಒಣ ಹವೆಯಲ್ಲೂ ಹೋಗಲಿಲ್ಲ.

“ನಾನ ಆರಿಸಿದ್ದು ತಂಗಿ. ನನ್ನ ಬಾಯಿಂದಾನ ಹೂಂ ಬಂತು” ಎಂದು ಅವಳು ಪದೇ ಪದೇ ಹೇಳುವಳು. ಅಲ್ಲ ಎಂದು ನಾನು ಪ್ರತಿ ಸಲವೂ ವಾದಿಸುತ್ತಿದ್ದೆ. ಅರ್ಧ ಸತ್ಯವನ್ನು ಮುಚ್ಚಿಟ್ಟು ಮುಂದಿಟ್ಟದ್ದನ್ನು ಆಯ್ಕೆ ಎಂದು ಕರೆಯಲಾಗದು. ಅವಳು ಕೇಳಿಸಿಕೊಂಡು, ಎಲೆ ಮಡಚಿ ನನ್ನ ಕೈಗಿಡುತ್ತಿದ್ದಳು. ವಾದ ಸಾಕು ಎಂಬುದಕ್ಕೆ ಅದೇ ಗುರುತು.

ಮರುವರ್ಷ ಆಷಾಢದಲ್ಲಿ ಕೂಡ್ಲಿಗಿ ಬಸ್‌ನಿಲ್ದಾಣದಲ್ಲಿ ಅವಳನ್ನು ಕಂಡು ಗಾಬರಿಯಾದೆ. ಕರಾವಳಿಯಲ್ಲೇ ಇನ್ನೊಂದು ಕೆಲಸಕ್ಕೆ ಕೇರಿಯವರನ್ನು ಕರೆದಿದ್ದರು. ಥಂಡಿ ಜಾಗಕ್ಕೆ ಕಾಲಿಡಬೇಡ ಎಂದು ಡಾಕ್ಟರು ಹೇಳಿದ್ದರೂ ಅವಳು ಊರು ನೋಡಲು ಹೊರಟಿದ್ದಳು.

“ಬೇರೆ ಯಾರಾದರೂ ಹೋಗಲಿ ಓಬಕ್ಕಾ.”

“ಹೋದೋರು ಹಸರು ನೋಡಿ ಮಳ್ಳಾಗತಾರ ತಂಗಿ, ನಾ ಆಗಿದ್ನಲ್ಲ ಹಂಗ. ಬಿಸಲೊಂದ ಸಿಟ್ಟು ಅಂದ್ಕೊಂಡಿದ್ದೆ. ಮಳೀಗೂ ಸಿಟ್ಟು ಬರತೈತಿ.” ಸೆರಗಿನ ತುದಿಯ ಗಂಟನ್ನು ಮುಟ್ಟಿ ತೋರಿಸಿದಳು. ಒಳಗೆ ಕಲ್ಲುಪ್ಪು. “ಒಂದು ವಸ್ತಿ ಇರ್ತೀನಿ. ಇದನ್ನ ನೆಲದ ಮ್ಯಾಲೆ ಇಟ್ಟು ಮಲಗತೀನಿ. ಬೆಳಗಾಗೂದ್ರಾಗ ಅತ್ತಿದ್ರ ನಾವು ಹೋಗಾಂಗಿಲ್ಲ.”

ಬಸ್ಸು ಹತ್ತಲು ಅವಳಿಗೆ ಎರಡು ಸಲ ನಿಂತು ಉಸಿರೆಳೆದುಕೊಳ್ಳಬೇಕಾಯಿತು. ಕಿಟಕಿಯಿಂದ ಬಗ್ಗಿ, “ಹಿಂಗ ಯಾಕ ನಿಂತಿ, ಮದಲಗಿತ್ತಿ ಕಳಸೋರಂಗ? ಮನಿಗೆ ಹೋಗು” ಎಂದು ಗದರಿಸಿದಳು. ನಾನು ಅವಳನ್ನು ಕಂಡದ್ದು ಅದೇ ಕೊನೆ.

ಉಪ್ಪು ಅತ್ತಿತ್ತು. ಮರಳಿ ಬಂದವಳು ಮನೆಯ ಹೊಸ್ತಿಲು ದಾಟುವ ಮೊದಲೇ, ಒದ್ದೆ ಸೆರಗಿನ ತುದಿಯನ್ನು ಕೇರಿಯವರ ಮುಂದೆ ಬಿಚ್ಚಿ, “ಬ್ಯಾಡ” ಎಂದಳಂತೆ. ಯಾರೂ ಹೋಗಲಿಲ್ಲ. ದೀಪಾವಳಿಯ ಹೊತ್ತಿಗೆ ಅವಳ ಉಸಿರು ನಿಂತಿತು. ಹಡಗಲಿಯ ಸಭೆಯೊಂದರಲ್ಲಿದ್ದ ನಾನು ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಈಗ ಅವಳ ಕೇರಿಗೆ ಯಾವ ಮೇಸ್ತ್ರಿ ಬಂದರೂ ಹೆಂಗಸರು ಮೊದಲು ಕೇಳುವುದು, ಆ ಜಾಗಕ್ಕೆ ಉಪ್ಪು ತೋರಿಸಿದ್ದೀರಾ ಎಂದು.

ಅದನ್ನು ಕೇಳುವ ಹೊರೆ ಅವರದಾಗಬಾರದು. ಆದ್ದರಿಂದ, ನಮ್ಮ ಜನರನ್ನು ರಾಜ್ಯ ದಾಟಿಸಿ ಕರೆದೊಯ್ಯುವ ಗುತ್ತಿಗೆದಾರರೇ, ಎರಡೂ ರಾಜ್ಯಗಳ ಕಾರ್ಮಿಕ ಇಲಾಖೆಯ ಅಧಿಕಾರಿಗಳೇ, ನಿಮ್ಮನ್ನು ಕೇಳುತ್ತಿದ್ದೇನೆ: ಒಂದು ಕುಟುಂಬವನ್ನು ಕೆಲಸಕ್ಕೆ ಒಪ್ಪಿಸುವ ಮೊದಲು, ಅವರು ಆರಿಸಿದ ಇಬ್ಬರನ್ನು ನಿಮ್ಮ ಖರ್ಚಿನಲ್ಲಿ ಕರೆದೊಯ್ದು ಬೇಸಿಗೆಯ ಒಂದು ಮಧ್ಯಾಹ್ನ, ಮಳೆಗಾಲದ ಒಂದು ರಾತ್ರಿ ಆ ಶೆಡ್ಡಿನಲ್ಲಿ ಇರಿಸಿ; ಪರಿಶೀಲನೆಗೆ ಬರುವ ಅಧಿಕಾರಿಯೂ ಆ ರಾತ್ರಿ ಅಲ್ಲೇ ಮಲಗಲಿ. ಈ ಮುಂಗಾರು ಹಿಡಿಯುವ ಮೊದಲು ತಗ್ಗಿನಲ್ಲಿರುವ ಪ್ರತಿಯೊಂದು ಶೆಡ್ಡನ್ನೂ ಖಾಲಿ ಮಾಡಿಸಿ, ಅದರೊಳಗಿನ ಮನುಷ್ಯರಿಗೆ ನಿಮ್ಮ ಸಿಮೆಂಟಿಗೆ ಕೊಟ್ಟಿರುವ ದಿಬ್ಬವನ್ನೂ ಹಲಗೆಯನ್ನೂ ಕೊಡಿ.