ವಿಸ್ಕಿ ಮನೆಯಲ್ಲಿಟ್ಟ ಎಡೆ

ಕರಿಬೇವಿನ ಗಿಡಕ್ಕೆಂದು ಮೊನ್ನೆ ಅರ್ಧಕ್ಕೆ ಕೊಯ್ದ ಹಳೆಯ ಓಕ್ ವಿಸ್ಕಿ ಪೀಪಾಯಿ ತಂದೆ. ನೀರು ಬಿದ್ದ ಕೂಡಲೇ ಒಳಗಿನ ಸುಟ್ಟ ಮರದಿಂದ ಬೆಲ್ಲದ ಪಾಕ ತಳ ಹಿಡಿದಂಥ ವಾಸನೆ ಎದ್ದಿತು. ಪೈಪು ಹಿಡಿದುಕೊಂಡೇ ನಿಂತುಬಿಟ್ಟೆ. ಟೆಕ್ಸಾಸಿನ ರೌಂಡ್ ರಾಕ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ ನೆನಪಾದರು...

ಮಂಡ್ಯ ಕಡೆಯವರು. ಸಂಜೆ ಕಾಫಿಗೆ ಬಂದರೆ ಕುಡಿದ ಲೋಟವನ್ನು ತಾವೇ ತೊಳೆದು ಬೋರಲು ಹಾಕದೆ ಹೊರಟವರಲ್ಲ. ಅಂಕಲ್‌ಗೆ ಶನಿವಾರ ಒಂದು ಪೆಗ್ ವಿಸ್ಕಿಯ ಅಭ್ಯಾಸ. ಬಾಟಲಿ ಮನೆಯೊಳಗೆ ಬರಕೂಡದೆಂದು ಆಂಟಿಯ ಕಟ್ಟಪ್ಪಣೆ. ಪಾಪ, ಗ್ಯಾರೇಜಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಆಸ್ಟಿನ್ ಆಚೆಯ ಗುಡ್ಡಗಳಲ್ಲಿದ್ದ ವಿಸ್ಕಿ ಬಟ್ಟಿ ಇಳಿಸುವ ಡಿಸ್ಟಿಲರಿಯೊಂದನ್ನು ನೋಡಬೇಕೆಂದು ಅವರಿಗೆ ಆಸೆ. ಆಂಟಿ ಮುಂದಿನ ವಾರ, ಮುಂದಿನ ವಾರ ಎನ್ನುತ್ತಲೇ ಬಂದರು. ಅಷ್ಟರಲ್ಲಿ ಅಂಕಲ್ ಹೋಗಿಬಿಟ್ಟರು.

ಆ ವರ್ಷ ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಆಂಟಿ ಬಾಗಿಲು ತಟ್ಟಿದರು. ಅವರ ಕಡೆ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ. ತೀರಿಕೊಂಡವರಿಗೆ ಇಷ್ಟವಾದದ್ದೆಲ್ಲ ಅಲ್ಲಿರಬೇಕು, ಹೆಂಡವಾದರೂ ಸರಿ. ಇಟ್ಟ ಮೇಲೆ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತಾರೆ.

"ಅವ್ರು ನೋಡ್ಬೇಕು ಅಂತಿದ್ರಲ್ಲ, ಅಲ್ಲೀದೇ ಬಾಟ್ಲಿ ತರೋಣ. ಡ್ರೈವ್ ಮಾಡ್ತೀಯೇನಮ್ಮ?"

ದಪ್ಪ ಕಲ್ಲಿನ ಗೋಡೆಗಳ ಕಟ್ಟಡ. ಒಳಗೆ ತಂಪು, ಅರೆಗತ್ತಲು. ಪೀಪಾಯಿಗಳ ಸಾಲಿನ ನಡುವೆ ಬಿಸಿಲ ಕೋಲು, ಅದರಲ್ಲಿ ನಿಧಾನವಾಗಿ ತೇಲುವ ಧೂಳು... ನಿದ್ದೆಯಲ್ಲಿ ನಡೆಯುತ್ತಿದ್ದೇನೆ ಎನಿಸಿತು. ವರ್ಷವರ್ಷವೂ ಪೀಪಾಯಿಯಿಂದ ಒಂದಿಷ್ಟು ಗಾಳಿಗೆ ಹೋಗುತ್ತದೆ, ಅದನ್ನು ದೇವದೂತರ ಪಾಲು ಅನ್ನುತ್ತೇವೆ ಎಂದು ಗೈಡ್ ವಿವರಿಸಿದ. ಆಂಟಿ ತಮಗೆ ಗೊತ್ತಿದ್ದದ್ದೇ ಎಂಬಂತೆ ತಲೆಯಾಡಿಸಿದರು.

ಕೌಂಟರಿನಲ್ಲಿ ನೋಡಿದರೆ, ಭಾನುವಾರ ಬಾಟಲಿ ಮಾರುವಂತಿಲ್ಲವಂತೆ, ಟೆಕ್ಸಾಸಿನ ಕಾನೂನು. ನಮಗಿಬ್ಬರಿಗೂ ಅದು ತಿಳಿದಿರಲಿಲ್ಲ. ವಿಸ್ಕಿ ಕೊಂಡು ಅಭ್ಯಾಸವಿದ್ದರೆ ತಾನೆ! ಆಂಟಿಯ ಮುಖ ಬಾಡಿಹೋಯಿತು.

"ಇದ್ದಾಗ್ಲೂ ನಾನು ಬಿಡ್ಲಿಲ್ಲ... ಈಗ್ಲೂ ಇಲ್ವಾ?"

ಟಿಕೆಟ್ಟಿನ ಜೊತೆ ರುಚಿ ನೋಡಲು ಕೊಟ್ಟ ಪುಟ್ಟ ಗ್ಲಾಸು ಮಾತ್ರ ಅವರ ಕೈಯಲ್ಲಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಕಿಟಕಿ ಬದಿಯ ಮೇಜಿನ ಮೇಲಿಟ್ಟು, ಬ್ಯಾಗಿನಿಂದ ಎರಡು ಕೋಡುಬಳೆ ತೆಗೆದು ಪಕ್ಕದಲ್ಲಿಟ್ಟು ಕೈಮುಗಿದರು.

"ಬಾ, ಆಚೆ ನಿಂತ್ಕೊಳ್ಳೋಣ. ನಾನಿದ್ರೆ ಅವ್ರು ಕುಡಿಯಲ್ಲ."

ಓಕ್ ಮರದ ನೆರಳಲ್ಲಿ ನಿಂತೆವು. ಆಂಟಿ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು. ಗಾಳಿಯಲ್ಲೆಲ್ಲ ಆ ಸಿಹಿ ವಾಸನೆ...

ಒಳಗೆ ಹೋದರೆ ಮೇಜು ಖಾಲಿ! ಏಪ್ರನ್ ತೊಟ್ಟ ಹುಡುಗಿ ಬಟ್ಟೆ ಹಿಡಿದು ಪಕ್ಕದ ಮೇಜು ಒರೆಸುತ್ತಿದ್ದಳು. ಆಂಟಿ ಅವಳನ್ನೂ ನೋಡಿದರು, ಮೇಜನ್ನೂ ನೋಡಿದರು. ಕಣ್ಣು ತುಂಬಿಕೊಂಡೇ ನಕ್ಕರು.

"ಕುಡಿದು ಲೋಟಾನೂ ಎತ್ತಿಟ್ಟಿದ್ದಾರೆ ನೋಡು. ಮನೇಲಿ ಒಂದಿನಾನೂ ಎತ್ತಿಟ್ಟೋರಲ್ಲ!"

ಆಮೇಲೆ ಆಂಟಿ ಹ್ಯೂಸ್ಟನ್‌ನ ಮಗಳ ಮನೆಗೆ ಶಿಫ್ಟ್ ಆದರು. ಹೋದ ಚಳಿಗಾಲದಲ್ಲಿ ಅಲ್ಲೇ ತೀರಿಕೊಂಡರು. ಕೊನೆಗೊಮ್ಮೆ ನೋಡಲೂ ಆಗಲಿಲ್ಲ ಎಂಬ ಸಂಕಟ ನನಗೆ ಹಾಗೇ ಇದೆ.

ನಮ್ಮ ಮನೆಯಲ್ಲಿ ಎಡೆಯ ಪದ್ಧತಿಯಿಲ್ಲ. ಆದರೂ ಇವತ್ತು ಮಹಾಲಯ ಅಮಾವಾಸ್ಯೆ ಎಂದು ಕಾಫಿ ಬೆರೆಸಿ, ಅಡುಗೆಮನೆಯ ಮೇಜಿನ ಮೇಲಿಟ್ಟು ಬಾಗಿಲೆಳೆದುಕೊಂಡು ಹಿತ್ತಲಿಗೆ ಹೋದೆ. ಪೀಪಾಯಿಯ ಪಕ್ಕದಲ್ಲಿ ಬಹಳ ಹೊತ್ತು ನಿಂತಿದ್ದೆ.

ಒಳಗೆ ಬಂದರೆ ಲೋಟ ಇಟ್ಟಲ್ಲೇ ಇತ್ತು. ಕಾಫಿ ಆರಿ ಕೆನೆ ಕಟ್ಟಿತ್ತು. ನಾನೇ ತೊಳೆದು ಬೋರಲು ಹಾಕಿದೆ.