ಭಂಡಾರ ಎತ್ತಿದ ದಿನ

ತೊಂಬತ್ತರ ದಶಕದ ಕೊನೆ. ನಿಮ್ಮ ಅಪ್ಪ ಇನ್ನೂ ಹೈಸ್ಕೂಲಿನಲ್ಲಿದ್ದ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಪುಣೆಯ ಬಿಬವೇವಾಡಿಯ ಒಂದೇ ಕೋಣೆಯ ಮನೆಯಲ್ಲಿ ಹಪ್ಪಳ ಮಾಡಿ ಮಾರುತ್ತಿದ್ದೆ. ಗುಡ್ಡದ ಊರಿನಿಂದ ರಾಗಿ ತಂದು ಪೇಟೆಯಲ್ಲಿ ಕೂರುತ್ತಿದ್ದ ಒಬ್ಬ ಠಾಕರ ಹೆಂಗಸಿನ ಪರಿಚಯವಾಯಿತು. ನಾವು ಬೇಡರು, ಅವರೂ ನಮ್ಮ ಹಾಗೆ ಆದಿವಾಸಿಗಳು. ತೂಕದಲ್ಲಿ ವ್ಯಾಪಾರಿಗಳ ಕೈಯಲ್ಲಿ ಮೋಸ ಹೋಗಿ ಹೋಗಿ ಅವಳಿಗೆ ಸಾಕಾಗಿತ್ತು. ತಮ್ಮೂರಿನ ಹೆಂಗಸರ ರಾಗಿ, ಅದರಿಂದ ಹಪ್ಪಳ ಮಾಡಿ ಮಾರುವ ಕೆಲಸ ನನ್ನದು, ಲಾಭ ಅರ್ಧರ್ಧ ಎಂದು ಅವಳೇ ಕೇಳಿದಳು.

ಕಾಗದದ ಮೇಲೆ ಬರೆದುಕೊಳ್ಳೋಣ ಎಂದೆ. ಅವಳು ಮಾತಾಡಿದ್ದೆಲ್ಲ ಮರಾಠಿಯಲ್ಲಿ, ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

"ನನಗ ಓದಾಕ ಬರೂದಿಲ್ಲಕ್ಕಾ. ಜೇಜುರಿಗೆ ಬಾ, ಖಂಡೋಬಾನ ಮುಂದ ಭಂಡಾರ ಎತ್ತು. ಅಷ್ಟಾದ್ರ ನಮ್ಮೂರವರು ನಂಬತಾರ."

ಭಂಡಾರವೆಂದರೆ ದೇವರ ಅರಿಸಿನ ಪುಡಿ. ಅದನ್ನು ಕೈಯಲ್ಲಿ ಹಿಡಿದು ಕೊಟ್ಟ ಮಾತು ತಪ್ಪಿದರೆ ಮಕ್ಕಳ ಮೇಲೆ ಬರುತ್ತದೆ ಎಂದು ಕೇಳಿಯೇ ನಾನು ಬೆಳೆದದ್ದು. ಖಂಡೋಬಾ ನಮ್ಮೂರಿನ ಮೈಲಾರನೇ. ಹಿಟ್ಟಿಗೆ ಹುಳ ಬಿದ್ದರೆ? ಹೋಟೆಲಿನವರು ಮಾಲು ಬೇಡವೆಂದರೆ? ದೇವರು ಅದನ್ನೂ ಮೋಸವೆಂದು ಹಿಡಿದರೆ? ಖಡಕಿಯಲ್ಲಿದ್ದ ನಾದಿನಿ ಬೇರೆ, ಗಂಡ ಸತ್ತವಳಿಗೆ ಅರಿಸಿನದ ಚಪಲ ನೋಡು ಎಂದು ಆಡಿಕೊಂಡಳು.

ಆದರೂ ಹೋದೆ. ಆ ರಾಗಿ ಬಿಟ್ಟರೆ ನಿಮ್ಮ ಅಪ್ಪನನ್ನು ಮುಂದೆ ಓದಿಸುವ ಬೇರೆ ದಾರಿ ನನಗಿರಲಿಲ್ಲ.

ಗುಡಿಯ ಅಂಗಳದ ಕಲ್ಲೆಲ್ಲ ಹಳದಿಯಾಗಿ ಜಾರುತ್ತಿತ್ತು. ಅವಳು ಬಿಲ್ವಪತ್ರೆ, ಭಂಡಾರ ಹಿಡಿದು ತನ್ನ ಮಾತು ಹೇಳಿ ಮುಗಿಸಿದಳು. ನನ್ನ ಸರದಿ ಬಂದಾಗ ಮುಷ್ಟಿ ಬಿಚ್ಚಲಾಗಲಿಲ್ಲ. ಜನ ನೋಡುತ್ತಿದ್ದರು. ಅವಳ ಮುಖ ಬಿಗಿಯಿತು.

"ಮನಸಿನ್ಯಾಗ ಏನರ ಕಪಟ ಅದ ಏನು?"

ನಾನು ಇದ್ದದ್ದನ್ನೇ ಹೇಳಿದೆ. "ಕಪಟ ಇಲ್ಲವ್ವಾ. ಇರೂದು ಒಬ್ಬನೇ ಮಗ. ತಿಳೀದ ತಪ್ಪಾದ್ರ ಅವನಿಗೆ ಏನರ ಆದೀತು ಅಂತ ಜೀವ ಹೊಡಕೊಳ್ಳಾಕತ್ತದ."

ಅವಳು ದನಿ ತಗ್ಗಿಸಿದಳು.

"ನನಗ ಐದು ಅದಾವ. ನಾ ಏನು ಕಲ್ಲೇನು? ಈಗ ಹೇಳೂ ಮುಂದ ನನ್ನ ಕಾಲು ನಡುಗಿದ್ದು ನೀ ನೋಡಲಿಲ್ಲ."

ಆಮೇಲೆ ಅವಳೇ ಒಂದು ದಾರಿ ಹುಡುಕಿದಳು. ಆಣೆಯಿಂದ ಮಕ್ಕಳನ್ನು ಬಿಡೋಣ, ತಿಳಿದೂ ಮೋಸ ಮಾಡಿದವಳ ಬಲಗೈ ಬಿದ್ದುಹೋಗಲಿ, ಅಷ್ಟೇ. ಅವಳು ತನ್ನ ಮಾತನ್ನು ಹಾಗೆಯೇ ತಿದ್ದಿ ಮತ್ತೊಮ್ಮೆ ಹೇಳಿದಳು. ಆಗ ನಾನು ಕೈ ಚಾಚಿ ಭಂಡಾರ ಹಿಡಿದು ನನ್ನ ಮಾತು ಹೇಳಿದೆ. ಧ್ವನಿ ನನಗೇ ಕೇಳಿಸಲಿಲ್ಲ, ಆದರೆ ಅವಳಿಗೆ ಕೇಳಿಸಿತಂತೆ.

ಆ ಪಾಲುಗಾರಿಕೆ ಬಹಳ ವರ್ಷ ನಡೆಯಿತು. ಹೆದರಿಕೆ ಮಾತ್ರ ಹೋಗಲಿಲ್ಲ. ಬೆಳಿಗ್ಗೆ ಏಳುವಾಗ ಬಲಗೈ ಜೋಮು ಹಿಡಿದಿದ್ದರೆ, ಹಿಂದಿನ ದಿನ ತೂಗಿದ್ದನ್ನೆಲ್ಲ ಎದ್ದು ಮತ್ತೆ ತೂಗುತ್ತಿದ್ದೆ.