ಕುರಿಗಳ ದಾರಿಯಲ್ಲೊಂದು ಕುದುರೆಶಾಲೆ

ನಿಲಂಗಾದ ಬಸ್ ನಿಲ್ದಾಣದಲ್ಲಿ ಕೂತಿದ್ದಾಗ ನನ್ನ ಉಮರ್ಗಾ ಬಸ್ಸು ತಪ್ಪಿತು. ಕಣ್ಣೆದುರೇ ಬಂದು, ಜನರನ್ನು ಹತ್ತಿಸಿಕೊಂಡು, ಹೋಗಿಯೂ ಬಿಟ್ಟಿತು. ನಾನು ನೋಡುತ್ತಲೇ ಇದ್ದೆ, ಆದರೆ ನನಗೆ ಕಂಡದ್ದು ಬಸ್ಸಲ್ಲ. ತೊಡೆಯ ಮೇಲೆ ಸುರುಳಿ ಸುತ್ತಿದ ನಕಾಶೆ ಇತ್ತು. ಅದರಲ್ಲಿದ್ದ ದುಂಡು ಗೆರೆ ಮೆಲ್ಲಗೆ ನಮ್ಮ ಹೊಲದ ಕರಿಮಣ್ಣಿನ ಅಂಗಳವಾಯಿತು, ಅಲ್ಲಿ ನಮ್ಮೂರು ತುರೋರಿಯ ಹುಡುಗಿಯರು ಎರಡೆರಡು ಜಡೆ ಕುಣಿಸುತ್ತ ಕುದುರೆಗಳ ಮೇಲೆ ಸುತ್ತು ಹಾಕುತ್ತಿದ್ದರು. ಕನಸಾದ್ದರಿಂದ ಧೂಳು ಕೂಡ ಏಳುತ್ತಿರಲಿಲ್ಲ. ಮುಂದಿನ ಬಸ್ಸಿಗೆ ಒಂದೂವರೆ ತಾಸು ಕಾಯಬೇಕಾಯಿತು.

ನನಗೆ ಐವತ್ತೆಂಟು ವರ್ಷ. ಆಳಂದದ ಕಡೆಯವಳು, ತುರೋರಿಗೆ ಸೊಸೆಯಾಗಿ ಬಂದೆ. ಉಮರ್ಗಾದ ಒಂದು ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಬರೆಯಲು ಕಲಿಸಿ ನಿವೃತ್ತಳಾದೆ. ಈ ವಯಸ್ಸಿನಲ್ಲಿ ನಮ್ಮ ಕಡೆಯ ಹೆಂಗಸರು ಪಂಢರಪುರದ ಮಾತಾಡುತ್ತಾರೆ. ಹೊಲದಲ್ಲಿ ಕುದುರೆ ಸವಾರಿ ಕಲಿಸುವ ಶಾಲೆ ತೆರೆಯುತ್ತೇನೆ ಎಂದು ನಾನು ಹೇಳಿದಾಗ ನನ್ನ ಗಂಡ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ನಕ್ಕರು.

"ಹುಚ್ಚು ಬಿಡೋತನಕ ಮದುವಿ ಆಗಂಗಿಲ್ಲ, ಮದುವಿ ಆಗೋತನಕ ಹುಚ್ಚು ಬಿಡಂಗಿಲ್ಲ ಅಂತಾರ. ನಿಂದು ಮದುವಿ ಆಗಿ ಮೂವತ್ತೈದು ವರ್ಷ ಆತು, ಇನ್ನಾ ಬಿಟ್ಟಿಲ್ಲ ನೋಡು."

"ನಿಮ್ಮನ್ನ ಕಟ್ಕೊಂಡೀನಲ್ರೀ, ಹ್ಯಾಂಗ ಬಿಡ್ತದ?" ಎಂದೆ.

ಆ ಹುಚ್ಚು ಹಿಡಿಸಿದ್ದು ಒಂದು ತಟ್ಟು, ಅಂದರೆ ಗಿಡ್ಡ ಕುದುರೆ. ಪ್ರತಿ ವರ್ಷ ಬಿಳಿಜೋಳದ ರಾಶಿ ಮುಗಿದ ಮೇಲೆ ಬೀರಪ್ಪನ ಭಕ್ತರಾದ ಕುರಿಗಾರರು ನಮ್ಮ ಹೊಲ ದಾಟಿ ಮೂಡಲಿಗೆ, ಉದಗೀರದ ಕಡೆಗೆ ಹೋಗುತ್ತಾರೆ. ರೋಹಿಣಿ ಮಳೆಯ ಹೊತ್ತಿಗೆ ಅದೇ ದಾರಿಯಲ್ಲಿ ತಿರುಗಿ ಬರುತ್ತಾರೆ. ಹಾಸಿಗೆ, ಪಾತ್ರೆ, ಆಗತಾನೆ ಹುಟ್ಟಿದ ಕುರಿಮರಿ ಎಲ್ಲವೂ ತಟ್ಟುಗಳ ಬೆನ್ನ ಮೇಲೆ. ಆ ಹಿಂಡಿಗೆ ಹಿರಿಯಳು ಒಬ್ಬ ಮುದುಕಿ. ಐದು ವರ್ಷದ ಹಿಂದೆ ಅವಳು ಕಾಲಿಗೆ ಗಾಯವಾದ ಹೆಣ್ಣು ತಟ್ಟಿನ ಮರಿಯೊಂದನ್ನು ನನ್ನ ಅಂಗಳಕ್ಕೆ ತಂದು ಬಿಟ್ಟಳು.

"ಇದಕ್ಕ ನಮ್ಮ ಸಂಗಟ ನಡ್ಯಾಕ ಆಗಂಗಿಲ್ಲ ತಂಗಿ. ನಿನ್ನ ಹಂತ್ಯಾಕ ಇರ್ಲಿ. ಬದಕಿದ್ರ ನಿಂದೇ."

ಬದುಕಿತು. ಕಂದು ಮೈ, ಹಣೆಯಲ್ಲಿ ಬಿಳಿ ಚುಕ್ಕೆ. ಅದರ ಮೇಲೆ ಕೂರುವುದನ್ನು ನನಗೆ ಕಲಿಸಿದವಳೂ ಮುದುಕಿಯೇ, ವರ್ಷಕ್ಕೆ ಎರಡು ಸಲ ಹೊಲ ದಾಟುವಾಗ ಒಂದೊಂದು ಪಾಠದಂತೆ. "ನೀ ಹೆದರಿದ್ದು ಮೊದಲ ಅದಕ್ಕ ತಿಳೀತದ, ಆಮ್ಯಾಲ ನಿನಗ" ಎನ್ನುತ್ತಿದ್ದಳು. ನಂತರ ಊರ ಹುಡುಗಿಯರು ಬರತೊಡಗಿದರು. ತರಗತಿಯಲ್ಲಿ ಹೆಸರು ಕೇಳಿದರೂ ನೆಲ ನೋಡುತ್ತಿದ್ದ ಒಬ್ಬಳು ತಟ್ಟಿನ ಮೇಲೆ ಕೂತದ್ದೇ ತಡ, ಹೆದ್ದಾರಿಯ ಲಾರಿಯವರಿಗೆ ಕೇಳುವಂತೆ ಕೂಗಿದಳು. ಕುದುರೆಶಾಲೆ ಆಗಲೇಬೇಕೆಂದು ನಾನು ಹಟ ಹಿಡಿದದ್ದು ಅವತ್ತಿನಿಂದ.

ಹೊಲವನ್ನು ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಬಳಸಬೇಕೆಂದರೆ ಸರಕಾರದ ಪರವಾನಗಿ ಬೇಕು. ಹೊಲದ ಒಡೆತನ ಹೇಳುವ ಸಾತಬಾರಾ ತೆಗೆಸಿದೆ, ಅಳತೆ ಮಾಡಿಸಿದೆ, ಅರ್ಜಿ ಬರೆದೆ. ಕಚೇರಿಯವರು ಒಳ್ಳೆಯ ಮಾತಿನಲ್ಲೇ ಒಂದು ಷರತ್ತು ಹೇಳಿದರು: ಹೆದ್ದಾರಿ ಹತ್ತಿರವಿದೆ, ಕುದುರೆಗಳು ರಸ್ತೆಗೆ ನುಗ್ಗಬಾರದು, ಹೊಲದ ನಾಲ್ಕೂ ಕಡೆ ತಂತಿ ಬೇಲಿ ಇರಬೇಕು. ಸರಿ ಎಂದು ನಾನೇ ಹಸಿರು ಶಾಯಿಯಲ್ಲಿ ಕಚ್ಚಾ ನಕಾಶೆ ಬರೆದೆ. ನಿಲಂಗಾದ ಇಂಜಿನಿಯರು ಅದನ್ನು ಸರಕಾರಕ್ಕೆ ಒಪ್ಪುವಂತೆ ತಿದ್ದಿ ಬರೆದುಕೊಟ್ಟರು. ಮಕ್ಕಳಿಗೆ ಗೆರೆ ಎಳೆಯಲು ಕಲಿಸಿ ಪಳಗಿದ ನನ್ನ ಕೈ ನಾಲ್ಕೂ ಗೆರೆಗಳನ್ನು ನೆಟ್ಟಗೆ ಎಳೆದಿತ್ತು. ಮೂಡಲ ಗೆರೆ, ಪಡುವಲ ಗೆರೆ ಎರಡೂ ಕುರಿಗಳ ದಾರಿಯನ್ನು ಕತ್ತರಿಸುತ್ತಿದ್ದವು.

ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾನು ಸೊಸೆಯಾಗಿ ಬಂದ ವರ್ಷ, ಹೊಲದ ಬದುವಿನ ಮೇಲೆ ನಿಂತು ನನ್ನ ಮಾವ ಆ ಮುದುಕಿಯ ತಂದೆಗೆ ಭಂಡಾರ ಹಿಡಿದು ಮಾತು ಕೊಟ್ಟಿದ್ದರು. ಭಂಡಾರವೆಂದರೆ ಬೀರಪ್ಪನ ಅರಿಶಿನ. ಅದನ್ನು ಕೈಯಲ್ಲಿ ಹಿಡಿದು ಆಡಿದ ಮಾತಿಗೆ ಯಾರೂ ಕಾಗದ ಕೇಳುವುದಿಲ್ಲ. "ಈ ದಾರಿಗಿ ನನ್ನ ಮನಿ ಮಂದಿ ಮುಳ್ಳು ಹಚ್ಚಂಗಿಲ್ಲ" ಎಂದಿದ್ದರು ಮಾವ. ಅವತ್ತು ನಾನು ನೀರಿನ ತಂಬಿಗೆ ಹಿಡಿದು ಮೂರು ಹೆಜ್ಜೆ ಹಿಂದೆ ನಿಂತಿದ್ದೆ. ಮಾವ ಈಗಿಲ್ಲ, ಅವಳ ತಂದೆಯೂ ಇಲ್ಲ. ಆ ಮಾತನ್ನು ಕೇಳಿದವರಲ್ಲಿ ಉಳಿದವರು ಅವಳು ಮತ್ತು ನಾನು. ಮಾವ ಹೇಳಿದ್ದು ಮುಳ್ಳಿನ ಮಾತು, ಇದು ತಂತಿ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ.

ಪಂಚಾಯಿತಿಯ ಗೋಡೆಗೆ ನೋಟಿಸು ಅಂಟಿಸಿದರು. ಈ ಹೊಲದಲ್ಲಿ ಕುದುರೆಶಾಲೆ ಆಗುವುದಕ್ಕೆ ಯಾರದಾದರೂ ತಕರಾರು ಇದ್ದರೆ ಹದಿನೈದು ದಿನದೊಳಗೆ ಬರೆದು ಕೊಡಬೇಕು. ಕುರಿಗಾರರು ಆಗ ಉದಗೀರದ ಆಚೆ ಎಲ್ಲೋ ಇದ್ದರು. ನಾನು ದಿನಾ ಹೋಗಿ ಕೇಳುತ್ತಿದ್ದೆ, ಯಾರ ತಕರಾರೂ ಬಂದಿರಲಿಲ್ಲ. "ಊರಿಗೆ ಊರೇ ಹುಚ್ಚಾಗ್ಯದ" ಎಂದರು ನನ್ನ ಗಂಡ. ಮಧ್ಯಾಹ್ನ ಬೇವಿನ ನೆರಳಲ್ಲಿ ಒರಗಿದರೆ ಸಾಕು, ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಹೊತ್ತು ನನ್ನನ್ನು ಎತ್ತಿಕೊಂಡು ಹೋಗುತ್ತಿತ್ತು. ಬಿಸಿಲಿಗೆ ಹೊಲ ನೀರಿನಂತೆ ಅಲುಗುತ್ತಿತ್ತು, ಅದರ ಮೇಲೆ ನನ್ನ ಕುದುರೆಗಳು ತೇಲುತ್ತಿದ್ದವು. ದೂರದ ಲಾರಿಗಳ ಸದ್ದು ಅವುಗಳ ಗೊರಸಿನ ಸದ್ದಾಗಿ ಕೇಳುತ್ತಿತ್ತು. ಅಷ್ಟು ಸುಖವನ್ನು ನಾನು ಮದುವೆಯಾದ ಹೊಸದರಲ್ಲೂ ಕಂಡಿರಲಿಲ್ಲ.

ಅವಸರದ ಬುದ್ಧಿ ನನ್ನದು. ಪರವಾನಗಿ ಬರುವ ಮೊದಲೇ ಮೂಡಲ ಕಡೆ ಕಂಬ ನೆಡಿಸಿ ತಂತಿ ಎಳೆಸಿದ್ದೆ. ಹದಿನಾಲ್ಕನೆಯ ದಿನ ಮಧ್ಯಾಹ್ನ ಕಣ್ಣು ಬಿಟ್ಟರೆ ತಟ್ಟು ಗೂಟದ ಹತ್ತಿರ ಇರಲಿಲ್ಲ. ಹಗ್ಗ ಬಿಚ್ಚಿಕೊಂಡು ಹೋಗಿ ಮೂಡಲ ಮೂಲೆಯಲ್ಲಿ, ಕುರಿಗಳ ದಾರಿ ಹೊಲಕ್ಕೆ ಇಳಿಯುವ ಜಾಗದಲ್ಲಿ, ತಂತಿಯ ಮೇಲೆ ಕತ್ತು ಚಾಚಿ ನಿಂತಿತ್ತು. ಪ್ರತಿ ಬೇಸಿಗೆಯಲ್ಲೂ ಅದು ಹೀಗೆ ತನ್ನವರ ದಾರಿ ಕಾಯುತ್ತದೆ. ಹಿಂಡು ಬರಲು ಇನ್ನೂ ತಿಂಗಳಿತ್ತು. ಕರೆದೆ, ತಿರುಗಲಿಲ್ಲ. ಬಕೆಟ್ಟಿನಲ್ಲಿ ನೀರು ಒಯ್ದೆ. ಕುಡಿದು, ಒದ್ದೆ ಮೂತಿಯನ್ನು ಮತ್ತೆ ತಂತಿಯ ಮೇಲೆ ಇಟ್ಟಿತು. ಎದೆಯ ಹತ್ತಿರ ಎಳೆದ ಎರಡನೆಯ ತಂತಿ ಅದರ ಕೂದಲನ್ನು ಒಂದು ಗೆರೆಯಷ್ಟು ಕೆರೆದಿತ್ತು. ನಾನು ಅಲ್ಲೇ ಬದುವಿನ ಮೇಲೆ ಕೂತೆ. ನನಗೆ ವಿಪರೀತ ನಾಚಿಕೆಯಾಯಿತು.

ಸಂಜೆಯ ಹೊತ್ತಿಗೆ ಮನೆಗೆ ಹೋಗಿ ತಕರಾರು ಬರೆದೆ. ಈ ಹೊಲದಲ್ಲಿ ಕುರಿಗಳ ದಾರಿ ಇದೆ, ಅದಕ್ಕೆ ಬೇಲಿ ಹಾಕುವುದಿಲ್ಲವೆಂದು ಹೊಲದವರು ಮಾತು ಕೊಟ್ಟಿದ್ದಾರೆ, ಅದಕ್ಕೆ ನಾನೇ ಸಾಕ್ಷಿ ಎಂದು. ಮರುದಿನ ಉಮರ್ಗಾದ ಕಚೇರಿಗೆ ಒಯ್ದೆ. ಅಲ್ಲಿನ ಕಾರಕೂನ ನನ್ನ ಹಳೆಯ ವಿದ್ಯಾರ್ಥಿ, ಕುದುರೆ ಬರೆ ಎಂದರೆ ಎಮ್ಮೆ ಬರೆಯುತ್ತಿದ್ದವನು. ಕಾಗದವನ್ನು ಎರಡು ಸಲ ಓದಿದ.

"ಮ್ಯಾಡಂ, ಅರ್ಜಿನೂ ನಿಮ್ದೇ, ತಕರಾರೂ ನಿಮ್ದೇ?"

"ತಕರಾರು ಕುರಿಯವ್ರದು. ಅವ್ರು ಉದಗೀರ ಕಡಿ ಹೋಗ್ಯಾರ. ಬರೋತನಕ ಅವ್ರ ಪರ ನಾ."

ಅವನು ದನಿ ಇಳಿಸಿದ. "ಇವತ್ತೊಂದಿನ ಸುಮ್ಮಕಿದ್ರ ಮುದತ್ ಮುಗೀತದ್ರೀ, ಪರವಾನಗಿ ಆಗ್ತದ. ಇದು ಕೊಟ್ರ ಫೈಲ್ ನಿಂದರ್ತದ. ದಾರಿ ಬಿಡಬೇಕಂದ್ರ ಹೊಲಾ ಎರಡು ತುಂಡಾಗ್ತದ, ನಿಮ್ಮ ದುಂಡನ ಅಂಗಳ ಎಲ್ಲಿ ಕೂಡ್ತದ ಹೇಳ್ರಿ?"

ಅವನು ಹೇಳಿದ್ದು ಸರಿಯಾಗಿತ್ತು. ಆ ದುಂಡು ಗೆರೆಯನ್ನು ನಾನು ಎಷ್ಟು ಸಲ ಅಳಿಸಿ ಬರೆದಿದ್ದೆನೋ ನನಗೇ ಗೊತ್ತು. "ಸಿಕ್ಕಾ ಹೊಡಿ ತಮ್ಮಾ" ಎಂದೆ. ಮೊಹರು ಹೊಡೆದ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ತ್ಯಾಗ ಮಾಡಿದ ಸಮಾಧಾನ ಗಿಮಾಧಾನ ಏನೂ ಇರಲಿಲ್ಲ. ಮನೆಗೆ ಬಂದು ಹೇಳಿದಾಗ ನನ್ನ ಗಂಡ "ಖರೇನ ಹುಚ್ಚಿ ಇದ್ದೀ" ಎಂದು, ಹಾರೆ ತೆಗೆದುಕೊಂಡು ಕಂಬ ಕೀಳಲು ಹೊರಟರು.

ಫೈಲು ಇನ್ನೂ ಅಲ್ಲೇ ಇದೆ. ವಿಚಾರಣೆಯ ದಿನ ಎರಡೂ ಪಕ್ಷದವರು ಹಾಜರಿರಬೇಕಂತೆ. ನಾನೊಬ್ಬಳೇ ಹೋದರೆ ಸಾಕು ಎಂದು ನನ್ನ ಗಂಡ ನಗುತ್ತಾರೆ.

ಮೊದಲ ಮೋಡ ಕಟ್ಟಿದ ಒಂದು ಮುಂಜಾನೆ ಹಿಂಡು ಬಂತು. ಮೊದಲು ಗಂಟೆಯ ಸದ್ದು, ಆಮೇಲೆ ಉಣ್ಣೆಯ ವಾಸನೆ, ಆಮೇಲೆ ಮಂಜಿನ ಹಾಗೆ ಹೊಲ ತುಂಬಿದ ಕುರಿಗಳು. ತಟ್ಟು ಕೆನೆಯುತ್ತ ಅವುಗಳ ನಡುವೆ ಹೊಕ್ಕಿತು. ಮುದುಕಿ ಅದರ ಕಿವಿ ಸವರಿ, ಎದೆಯ ಗೆರೆ ನೋಡಿ, ಕಿತ್ತ ಕಂಬಗಳ ಕುಣಿ ನೋಡಿದಳು. ಊರಲ್ಲಿ ಯಾರೋ ಅವಳಿಗೆ ಎಲ್ಲ ಹೇಳಿದ್ದರು. ತಟ್ಟಿನ ಬೆನ್ನು ತೋರಿಸಿ ನನಗೆ "ಹತ್ತು" ಎಂದಳು.

"ಇನ್ನಾ ಪರವಾನಗಿ ಬಂದಿಲ್ಲವ್ವಾ."

"ಹತ್ತು ಅಂದ್ನಿ."

ಹತ್ತಿದೆ. ಅವಳು ಹಗ್ಗ ಹಿಡಿದು ಮುಂದೆ, ನಾನು ಮೇಲೆ, ಸುತ್ತ ಕುರಿ. ನೆಲ ಕಾಣುತ್ತಿರಲಿಲ್ಲ. ಇದು ನಿಲಂಗಾದ ನಿಲ್ದಾಣದಲ್ಲಿ ಕಂಡ ಕನಸೋ ನಿಜವೋ ಎಂದು ಒಂದು ಕ್ಷಣ ಗೊತ್ತಾಗಲಿಲ್ಲ. ನಮ್ಮದೇ ಹೊಲ, ಮೂಡಲ ಅಂಚಿನಿಂದ ಪಡುವಲ ಅಂಚಿನವರೆಗೆ, ಇಷ್ಟು ದೊಡ್ಡದಿದೆ ಎಂದು ಆವರೆಗೆ ನನಗೆ ತಿಳಿದಿರಲಿಲ್ಲ. ಹೊಲ ಮುಗಿಯುವಲ್ಲಿ ಅವಳು ನಿಂತಳು.

"ದಾರಿ ಬಿಡು ಅಂದಿದ್ರ ಬಿಡ್ತಿದ್ನಿ ತಂಗಿ. ನಾವು ಸಡಕ್ ಹಿಡ್ಕೊಂಡು ಹೋಗ್ತಿದ್ವಿ. ನನಗ ಒಂದ್ ಮಾತ ಕೇಳಬಾರ್ದೇನು?"

"ಕೇಳಿದ್ರ ಬಿಡ್ತಿದ್ದಿ ಅಂತ ಗೊತ್ತಿತ್ತವ್ವಾ," ಎಂದೆ. "ಅದಕ್ಕ ಕೇಳ್ಲಿಲ್ಲ."

ಅವಳು ಸೊಂಟದ ಚೀಲದಿಂದ ಭಂಡಾರ ತೆಗೆದು ತಟ್ಟಿನ ಹಣೆಗೆ ಹಚ್ಚಿದಳು, ಕೈ ಎತ್ತಿ ನನ್ನ ಹಣೆಗೂ ಹಚ್ಚಿದಳು. ಆಮೇಲೆ ಹಗ್ಗವನ್ನು ನನ್ನ ಕೈಗೆ ಕೊಟ್ಟು ಕುರಿಗಳ ಹಿಂದೆ ಹೋದಳು.